ಪೂರ್ಣ ಗಾತ್ರದ ಮತ್ತು ಕಾಂಪ್ಯಾಕ್ಟ್ ಪಿಸ್ತೂಲುಗಳು

ಪೂರ್ಣ ಗಾತ್ರದ ಪಿಸ್ತೂಲು ಮತ್ತು ಕಾಂಪ್ಯಾಕ್ಟ್ ಪಿಸ್ತೂಲು ಎಂಬುವು ಅರೆಸ್ವಯಂಚಾಲಿತ ಪಿಸ್ತೂಲುಗಳನ್ನು ಅಳತೆಯ ಆಧಾರದ ಮೇಲೆ ವಿಂಗಡಿಸುವಾಗ ಬಳಸುವ ಎರಡು ಪ್ರಮುಖ ವರ್ಗಗಳು. ಪೂರ್ಣ ಗಾತ್ರದ ಪಿಸ್ತೂಲು ಸಮವಸ್ತ್ರಧಾರಿಯ ಸೊಂಟಪಟ್ಟಿಯಲ್ಲಿ ಬಹಿರಂಗವಾಗಿ ತೂಗುವ ಸೇವಾ ಆಯುಧವಾಗಿ ಬೆಳೆದುಬಂದಿತು. ಕಾಂಪ್ಯಾಕ್ಟ್ ಪಿಸ್ತೂಲು ಅದೇ ಯಂತ್ರರಚನೆಯನ್ನು ಉಳಿಸಿಕೊಂಡು ನಳಿಗೆ, ಸ್ಲೈಡ್ ಹಾಗೂ ಹಿಡಿಯನ್ನು ಮೊಟಕುಗೊಳಿಸಿದ ರೂಪವಾಗಿದ್ದು, ಬಟ್ಟೆಯ ಅಡಿಯಲ್ಲಿ ಮರೆಮಾಡಿ ಒಯ್ಯಲು ಅನುಕೂಲವಾಗುವಂತೆ ರೂಪಿಸಲ್ಪಟ್ಟಿದೆ. ದೊಡ್ಡ ಪಿಸ್ತೂಲಿನಿಂದ ವೇಗವಾಗಿಯೂ ನಿಖರವಾಗಿಯೂ ಗುಂಡು ಹಾರಿಸುವುದು ಸುಲಭ. ಚಿಕ್ಕ ಪಿಸ್ತೂಲನ್ನು ದಿನವಿಡೀ ಹೊತ್ತು ತಿರುಗುವುದು ಸುಲಭ. ಈ ಎರಡು ಗುಣಗಳು ಒಂದಕ್ಕೊಂದು ಎದುರಾಗಿ ನಿಲ್ಲುವುದರಿಂದ ಸೇನೆ, ಪೊಲೀಸ್ ಇಲಾಖೆ ಹಾಗೂ ಪರವಾನಗಿ ಪಡೆದ ನಾಗರಿಕರು ಆಯುಧವನ್ನು ಆರಿಸುವಾಗ ಗಾತ್ರದ ಪ್ರಶ್ನೆ ಮುಖ್ಯವಾಗುತ್ತದೆ.

ವರ್ಗೀಕರಣ

ಈ ವರ್ಗಗಳಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಅಳತೆಗಳಿಲ್ಲ. 'ಕಾಂಪ್ಯಾಕ್ಟ್' ಎಂಬುದು ಬಹುಮಟ್ಟಿಗೆ ತಯಾರಕರು ಇಟ್ಟ ಹೆಸರು; ಒಂದು ಕಂಪನಿಯ ಕಾಂಪ್ಯಾಕ್ಟ್ ಪಿಸ್ತೂಲು ಮತ್ತೊಂದು ಕಂಪನಿಯ ಪೂರ್ಣ ಗಾತ್ರದ ಪಿಸ್ತೂಲಿನ ಹತ್ತಿರಕ್ಕೆ ಬರುವುದುಂಟು. ರೂಢಿಯಲ್ಲಿ 9 ಮಿ.ಮೀ. ಕ್ಯಾಲಿಬರಿನ ಪಿಸ್ತೂಲುಗಳಲ್ಲಿ ನಳಿಗೆಯ ಉದ್ದ ಸುಮಾರು 110 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪೂರ್ಣ ಗಾತ್ರವೆಂದೂ, 95ರಿಂದ 105 ಮಿ.ಮೀ. ಆಸುಪಾಸಿನಲ್ಲಿದ್ದರೆ ಕಾಂಪ್ಯಾಕ್ಟ್ ಎಂದೂ, ಅದಕ್ಕಿಂತ ಕಡಿಮೆಯಿದ್ದರೆ ಸಬ್‌ಕಾಂಪ್ಯಾಕ್ಟ್ ಎಂದೂ ಕರೆಯುತ್ತಾರೆ. ನಳಿಗೆಯ ಅಳತೆಯೊಂದರಿಂದಲೇ ವರ್ಗ ತೀರ್ಮಾನವಾಗುವುದಿಲ್ಲ. ಹಿಡಿಯ ಎತ್ತರ, ಒಟ್ಟು ದಪ್ಪ, ಮ್ಯಾಗಝಿನ್ನಿನಲ್ಲಿ ತೋಟಾಗಳು ಒಂದೇ ಸಾಲಿನಲ್ಲಿವೆಯೇ ಎರಡು ಸಾಲಿನಲ್ಲಿವೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಒಯ್ಯುವವರ ದೃಷ್ಟಿಯಿಂದ ನೋಡಿದರೆ ನಳಿಗೆಗಿಂತ ಹಿಡಿಯ ಎತ್ತರವೇ ಹೆಚ್ಚು ಮುಖ್ಯವೆಂಬುದನ್ನು ಮುಂದೆ ವಿವರಿಸಲಾಗಿದೆ.

ಇತಿಹಾಸ

ಒಂದೇ ವಿನ್ಯಾಸವನ್ನು ಎರಡು ಗಾತ್ರಗಳಲ್ಲಿ ತಯಾರಿಸುವ ಪದ್ಧತಿ ಹೊಸದಲ್ಲ. ಜರ್ಮನಿಯ ವಾಲ್ಟರ್ ಸಂಸ್ಥೆಯು 1929ರಲ್ಲಿ ಸಮವಸ್ತ್ರದ ಪೊಲೀಸರಿಗಾಗಿ ಪಿಪಿ ಎಂಬ ಪಿಸ್ತೂಲನ್ನು ಮಾರುಕಟ್ಟೆಗೆ ತಂದಿತು. ಅದರ ನಳಿಗೆ 98 ಮಿ.ಮೀ. ಉದ್ದವಿತ್ತು. ಅನಂತರ ಬಂದ ಪಿಪಿಕೆ ಮಾದರಿಯಲ್ಲಿ ನಳಿಗೆಯನ್ನು 83 ಮಿ.ಮೀ.ಗೆ ಇಳಿಸಿ, ಹಿಡಿಯನ್ನೂ ಗಿಡ್ಡಗೊಳಿಸಲಾಯಿತು. ಹೆಸರಿನ ಕೊನೆಯ ಅಕ್ಷರವು ಅಪರಾಧ ಪತ್ತೆ ವಿಭಾಗವನ್ನು ಸೂಚಿಸುತ್ತದೆಯೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಸಾದಾ ಉಡುಪಿನ ಪತ್ತೆದಾರರು ಕೋಟಿನ ಒಳಗೆ ಇಟ್ಟುಕೊಳ್ಳಲೆಂದು ಅದು ತಯಾರಾಗಿತ್ತು. ಇಂದಿನ ಪೂರ್ಣ ಗಾತ್ರ ಮತ್ತು ಕಾಂಪ್ಯಾಕ್ಟ್ ಜೋಡಿಗಳ ಹಿಂದಿರುವ ಆಲೋಚನೆ ಆಗಲೇ ಸ್ಪಷ್ಟವಾಗಿತ್ತು.

ಅಮೆರಿಕದಲ್ಲಿ 1911ರಿಂದ ಸೇನೆಯ ಬಳಕೆಯಲ್ಲಿದ್ದ ಎಂ1911 ಪಿಸ್ತೂಲಿನ ನಳಿಗೆ 127 ಮಿ.ಮೀ. ಉದ್ದವಿತ್ತು. ಎರಡನೆಯ ಮಹಾಯುದ್ಧದ ನಂತರ, 1949ರಲ್ಲಿ, ಅಧಿಕಾರಿಗಳಿಗೆ ನೀಡಲು ಹಗುರವಾದ ಪಿಸ್ತೂಲೊಂದು ಬೇಕೆಂದು ಅಮೆರಿಕದ ಸೇನೆ ಅಪೇಕ್ಷಿಸಿತು. ಇದಕ್ಕಾಗಿ ಕೋಲ್ಟ್ ಸಂಸ್ಥೆ ಸಿದ್ಧಪಡಿಸಿದ ಮಾದರಿಯನ್ನು ಸೇನೆ ಸ್ವೀಕರಿಸಲಿಲ್ಲ. ಆದರೆ ಅದು 'ಕಮಾಂಡರ್' ಎಂಬ ಹೆಸರಿನಲ್ಲಿ ನಾಗರಿಕ ಮಾರುಕಟ್ಟೆಗೆ ಬಂದು ದೀರ್ಘಕಾಲ ಉಳಿಯಿತು. ಕಮಾಂಡರ್‌ನ ನಳಿಗೆಯನ್ನು 108 ಮಿ.ಮೀ.ಗೆ ತಗ್ಗಿಸಿ, ಚೌಕಟ್ಟನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಲಾಗಿತ್ತು. ಹಿಡಿ ಮಾತ್ರ ಮೂಲ ಪಿಸ್ತೂಲಿನಷ್ಟೇ ಎತ್ತರವಾಗಿತ್ತು. ಹಿಡಿಯನ್ನೂ ಮೊಟಕುಗೊಳಿಸಿದ 'ಆಫೀಸರ್ಸ್ ಎಸಿಪಿ' ಮಾದರಿ 1985ರಲ್ಲಿ ಬಂದಿತು.

ಎರಡು ಸಾಲಿನ ಮ್ಯಾಗಝಿನ್ನುಳ್ಳ 9 ಮಿ.ಮೀ. ಪಿಸ್ತೂಲುಗಳು ಸಾರ್ವತ್ರಿಕವಾದ 1980ರ ದಶಕದಲ್ಲಿ ಜೋಡಿ ಗಾತ್ರಗಳು ವಾಡಿಕೆಯಾದವು. ಸಿಗ್ ಸಾವರ್ ಪಿ226ಕ್ಕೆ ಪಿ228 ಎಂಬ ಕಿರಿಯ ರೂಪವೂ, ಗ್ಲಾಕ್ 17ಕ್ಕೆ ಗ್ಲಾಕ್ 19 ಎಂಬ ಕಿರಿಯ ರೂಪವೂ ಹುಟ್ಟಿದವು. ಅಮೆರಿಕದ ಫ್ಲಾರಿಡಾ ರಾಜ್ಯವು 1987ರಲ್ಲಿ ಅರ್ಹ ನಾಗರಿಕರೆಲ್ಲರಿಗೂ ಮರೆಮಾಡಿ ಆಯುಧ ಒಯ್ಯುವ ಪರವಾನಗಿ ನೀಡುವ ಕಾನೂನನ್ನು ಜಾರಿಗೆ ತಂದ ಬಳಿಕ ಅನೇಕ ರಾಜ್ಯಗಳು ಅದೇ ದಾರಿ ಹಿಡಿದವು. ಇದರಿಂದ ಚಿಕ್ಕ ಪಿಸ್ತೂಲುಗಳಿಗೆ ದೊಡ್ಡ ಮಾರುಕಟ್ಟೆ ದೊರೆಯಿತು. 1994ರ ಒಕ್ಕೂಟ ಕಾನೂನು ನಾಗರಿಕರಿಗೆ ಮಾರುವ ಹೊಸ ಮ್ಯಾಗಝಿನ್ನುಗಳಲ್ಲಿ 10ಕ್ಕಿಂತ ಹೆಚ್ಚು ತೋಟಾಗಳಿರಬಾರದೆಂದು ನಿರ್ಬಂಧಿಸಿದ್ದೂ ಇದೇ ದಿಕ್ಕಿನಲ್ಲಿ ಕೆಲಸ ಮಾಡಿತು. ಹತ್ತೇ ತೋಟಾಗಳು ಹಿಡಿಯುವುದಾದರೆ ಎತ್ತರದ ಹಿಡಿಯ ಅಗತ್ಯವೇನು ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಆ ನಿರ್ಬಂಧ 2004ರಲ್ಲಿ ಕೊನೆಗೊಂಡರೂ ಚಿಕ್ಕ ಪಿಸ್ತೂಲುಗಳ ಬೇಡಿಕೆ ಕುಗ್ಗಲಿಲ್ಲ. 2018ರಲ್ಲಿ ಬಂದ ಸಿಗ್ ಸಾವರ್ ಪಿ365 ಕೇವಲ 147 ಮಿ.ಮೀ. ಉದ್ದದ ಪಿಸ್ತೂಲಿನಲ್ಲಿ 10 ತೋಟಾಗಳನ್ನು ಅಡಗಿಸಿ ಈ ಕ್ಷೇತ್ರದ ಲೆಕ್ಕಾಚಾರವನ್ನೇ ಬದಲಿಸಿತು.

ಗ್ಲಾಕ್ 17 ಮತ್ತು ಗ್ಲಾಕ್ 19

ಎರಡು ವರ್ಗಗಳನ್ನು ಹೋಲಿಸಲು ಗ್ಲಾಕ್ 17 ಮತ್ತು ಗ್ಲಾಕ್ 19 ಹೆಚ್ಚು ಬಳಕೆಯಲ್ಲಿರುವ ಉದಾಹರಣೆಗಳು. ಟ್ರಿಗರ್, ಯಂತ್ರರಚನೆ, ಕ್ಯಾಲಿಬರ್ ಹಾಗೂ ದಪ್ಪ ಎರಡರಲ್ಲೂ ಒಂದೇ ಆಗಿರುವುದರಿಂದ ಗಾತ್ರದ ಪರಿಣಾಮವನ್ನು ಬೇರೆ ಅಂಶಗಳಿಂದ ಪ್ರತ್ಯೇಕಿಸಿ ನೋಡಲು ಸಾಧ್ಯವಾಗುತ್ತದೆ.

ಗ್ಲಾಕ್ 17 ಪಿಸ್ತೂಲನ್ನು ಆಸ್ಟ್ರಿಯಾದ ಗ್ಯಾಸ್ಟನ್ ಗ್ಲಾಕ್ ವಿನ್ಯಾಸಗೊಳಿಸಿದರು. ಆಸ್ಟ್ರಿಯಾದ ಸೇನೆ ಅದನ್ನು 1982ರಲ್ಲಿ ಪಿ80 ಎಂಬ ಹೆಸರಿನಿಂದ ಸ್ವೀಕರಿಸಿತು. ಅದರ ನಳಿಗೆ 114 ಮಿ.ಮೀ., ಒಟ್ಟು ಉದ್ದ ಸುಮಾರು 204 ಮಿ.ಮೀ., ಮ್ಯಾಗಝಿನ್ ಸಹಿತ ಎತ್ತರ ಸುಮಾರು 139 ಮಿ.ಮೀ.; ಮ್ಯಾಗಝಿನ್ನಿನಲ್ಲಿ 17 ತೋಟಾಗಳಿರುತ್ತವೆ. 1988ರಲ್ಲಿ ಬಂದ ಗ್ಲಾಕ್ 19ರ ನಳಿಗೆ 102 ಮಿ.ಮೀ., ಒಟ್ಟು ಉದ್ದ ಸುಮಾರು 187 ಮಿ.ಮೀ., ಎತ್ತರ ಸುಮಾರು 128 ಮಿ.ಮೀ.; ತೋಟಾಗಳು 15. ತುಂಬಿದ ಮ್ಯಾಗಝಿನ್ ಸಹಿತ ಮೊದಲನೆಯದು ಸುಮಾರು 915 ಗ್ರಾಂ, ಎರಡನೆಯದು ಸುಮಾರು 855 ಗ್ರಾಂ ತೂಗುತ್ತದೆ. ಅಂದರೆ ಉದ್ದದಲ್ಲಿ ಒಂದೂಮುಕ್ಕಾಲು ಸೆಂಟಿಮೀಟರ್, ಎತ್ತರದಲ್ಲಿ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ತೂಕದಲ್ಲಿ 60 ಗ್ರಾಂ, ತೋಟಾಗಳಲ್ಲಿ ಎರಡು: ಇಷ್ಟೇ ವ್ಯತ್ಯಾಸ. ಕಾಗದದ ಮೇಲೆ ಅತ್ಯಲ್ಪವೆನಿಸುವ ಈ ಅಂತರ ದೇಹದ ಮೇಲೆ ಅಷ್ಟು ಅಲ್ಪವಾಗಿ ಕಾಣುವುದಿಲ್ಲ.

ಗ್ಲಾಕ್ 17ರ ಮ್ಯಾಗಝಿನ್ ಗ್ಲಾಕ್ 19ರಲ್ಲಿ ಕೆಲಸ ಮಾಡುತ್ತದೆ. ಅದರ ತುದಿ ಹಿಡಿಯ ಕೆಳಗೆ ಹೊರಚಾಚಿಕೊಂಡಿರುತ್ತದೆ, ಅಷ್ಟೆ. ಗ್ಲಾಕ್ 19ರ ಗಿಡ್ಡ ಮ್ಯಾಗಝಿನ್ ಗ್ಲಾಕ್ 17ರ ಉದ್ದ ಹಿಡಿಯೊಳಗೆ ಮೇಲಿನವರೆಗೆ ತಲುಪದ ಕಾರಣ ಅಲ್ಲಿ ಉಪಯೋಗಕ್ಕೆ ಬಾರದು. ಸಮವಸ್ತ್ರದವರಿಗೆ ದೊಡ್ಡ ಪಿಸ್ತೂಲು, ಸಾದಾ ಉಡುಪಿನವರಿಗೆ ಚಿಕ್ಕ ಪಿಸ್ತೂಲು ನೀಡುವ ಇಲಾಖೆಗಳಲ್ಲಿ ಈ ಏಕಮುಖ ಹೊಂದಾಣಿಕೆ ಸಂಗ್ರಹಣೆಯ ದೃಷ್ಟಿಯಿಂದ ಉಪಯುಕ್ತವಾಗಿದೆ.

ಗುಂಡು ಹಾರಿಸುವ ವೇಗ

ಪಿಸ್ತೂಲಿನ 'ವೇಗ' ಎಂದಾಗ ಎರಡು ಬೇರೆ ಬೇರೆ ಸಂಗತಿಗಳನ್ನು ಅರ್ಥಮಾಡಿಕೊಳ್ಳಬೇಕಾಗುತ್ತದೆ. ಮೊದಲನೆಯದು, ಹೋಲ್‌ಸ್ಟರ್‌ನಿಂದ ಆಯುಧವನ್ನು ಹೊರತೆಗೆದು ಮೊದಲ ಗುಂಡು ಹಾರಿಸಲು ತಗಲುವ ಕಾಲ. ಎರಡನೆಯದು, ಒಂದು ಗುಂಡಿಗೂ ಮುಂದಿನ ಗುಂಡಿಗೂ ನಡುವಿನ ಅಂತರ. ಎರಡನ್ನೂ ಶಾಟ್ ಟೈಮರ್ ಎಂಬ ಚಿಕ್ಕ ಉಪಕರಣದಿಂದ ಅಳೆಯುತ್ತಾರೆ. ಅದು ಸದ್ದು ಮಾಡಿ ಆರಂಭದ ಸೂಚನೆ ನೀಡುತ್ತದೆ, ಬಳಿಕ ಪ್ರತಿ ಗುಂಡಿನ ಶಬ್ದವನ್ನು ಗ್ರಹಿಸಿ ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಕಾಲವನ್ನು ದಾಖಲಿಸುತ್ತದೆ.

ಅಭ್ಯಾಸಕ್ಕಾಗಿ ಕೆಲವು ಸಿದ್ಧ ಪಾಠಗಳಿವೆ. ಬಿಲ್ ವಿಲ್ಸನ್ ಹೆಸರಿನಲ್ಲಿ ಪ್ರಸಿದ್ಧವಾದ 'ಬಿಲ್ ಡ್ರಿಲ್' ಪಾಠದಲ್ಲಿ 7 ಗಜ, ಅಂದರೆ ಸುಮಾರು 6.4 ಮೀಟರ್ ದೂರದ ಒಂದೇ ಗುರಿಗೆ ಹೋಲ್‌ಸ್ಟರ್‌ನಿಂದ ತೆಗೆದು ಆರು ಗುಂಡು ಹಾರಿಸಬೇಕು. ಎರಡು ಸೆಕೆಂಡಿನೊಳಗೆ ಆರೂ ಗುಂಡುಗಳು ಗುರಿಯ ನಡುಭಾಗದಲ್ಲಿ ಬಿದ್ದರೆ ಅದನ್ನು ಉನ್ನತ ಸಾಧನೆಯೆಂದು ಪರಿಗಣಿಸುತ್ತಾರೆ. ಜೆಫ್ ಕೂಪರ್ ರೂಪಿಸಿದ 'ಎಲ್ ಪ್ರೆಸಿಡೆಂಟೆ' ಪಾಠದಲ್ಲಿ ಗುರಿಗಳಿಗೆ ಬೆನ್ನುಹಾಕಿ ನಿಂತು, ತಿರುಗಿ, ಮೂರು ಗುರಿಗಳಿಗೆ ತಲಾ ಎರಡು ಗುಂಡು ಹಾರಿಸಿ, ಮ್ಯಾಗಝಿನ್ ಬದಲಿಸಿ, ಮತ್ತೆ ತಲಾ ಎರಡು ಗುಂಡು ಹಾರಿಸಬೇಕು. ಮೊದಲ ಪಾಠ ಒದೆತದ ಮೇಲಿನ ಹಿಡಿತವನ್ನು ಪರೀಕ್ಷಿಸಿದರೆ, ಎರಡನೆಯದು ಆಯುಧವನ್ನು ಒಂದು ಗುರಿಯಿಂದ ಮತ್ತೊಂದಕ್ಕೆ ಸರಿಸುವ ಹಾಗೂ ಮರುತುಂಬುವ ಕೌಶಲವನ್ನೂ ಪರೀಕ್ಷಿಸುತ್ತದೆ.

ಕಾಲದ ಈ ಸೂಕ್ಷ್ಮ ಲೆಕ್ಕ ಕ್ರೀಡೆಗಷ್ಟೇ ಸೀಮಿತವಾದುದಲ್ಲ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನ್ನಿಸ್ ಟ್ಯೂಲರ್ 1983ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಚೂರಿ ಹಿಡಿದ ವ್ಯಕ್ತಿ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಕ್ರಮಿಸಬಲ್ಲನೆಂದೂ, ಹೋಲ್‌ಸ್ಟರ್‌ನಲ್ಲಿರುವ ಪಿಸ್ತೂಲನ್ನು ತೆಗೆದು ಹಾರಿಸಲು ಸರಿಸುಮಾರು ಅಷ್ಟೇ ಕಾಲ ಬೇಕೆಂದೂ ತೋರಿಸಿದರು. ಕೆಲವರು ಇದನ್ನು ಗುಂಡು ಹಾರಿಸಲು ಅನುಮತಿ ನೀಡುವ ನಿಯಮವೆಂಬಂತೆ ಉಲ್ಲೇಖಿಸುವುದುಂಟು. ಅದು ಸರಿಯಲ್ಲ, ಟ್ಯೂಲರ್ ಅವರದು ಅಪಾಯದ ಅಂತರವನ್ನು ಕುರಿತ ಎಚ್ಚರಿಕೆಯೇ ಹೊರತು ಕಾನೂನಿನ ಮಾನದಂಡವಲ್ಲ.

ಒದೆತ

ಗುಂಡು ಮುಂದಕ್ಕೆ ಹಾರಿದಾಗ ಪಿಸ್ತೂಲು ಹಿಂದಕ್ಕೆ ತಳ್ಳಲ್ಪಡುತ್ತದೆ. ಭೌತಶಾಸ್ತ್ರದಲ್ಲಿ ಹಿಮ್ಮೆಟ್ಟುವಿಕೆ ಎನ್ನಲಾಗುವ ಈ ಕ್ರಿಯೆಯನ್ನು ಆಡುಮಾತಿನಲ್ಲಿ ಬಂದೂಕಿನ ಒದೆತವೆನ್ನುತ್ತಾರೆ. ಸಂವೇಗ ಸಂರಕ್ಷಣಾ ನಿಯಮದಂತೆ ಗುಂಡಿನ ಸಂವೇಗ ಎಷ್ಟೋ ಪಿಸ್ತೂಲಿನ ಸಂವೇಗವೂ ಅಷ್ಟೇ ಇರುತ್ತದೆ. ಸುಮಾರು 8 ಗ್ರಾಂ ತೂಕದ 9 ಮಿ.ಮೀ. ಗುಂಡು ಸೆಕೆಂಡಿಗೆ 360 ಮೀಟರ್ ವೇಗದಲ್ಲಿ ಹೊರಟಿತೆಂದು ಭಾವಿಸೋಣ. ಹೊರಬೀಳುವ ಅನಿಲದ ಪಾಲನ್ನು ಬಿಟ್ಟು ಲೆಕ್ಕ ಹಾಕಿದರೆ, 915 ಗ್ರಾಂ ತೂಗುವ ಗ್ಲಾಕ್ 17ಕ್ಕೆ ಸುಮಾರು 4.5 ಜೂಲ್ ಒದೆತದ ಶಕ್ತಿ ದೊರೆಯುತ್ತದೆ. 855 ಗ್ರಾಂ ತೂಗುವ ಗ್ಲಾಕ್ 19ಕ್ಕೆ ಇದು ಸುಮಾರು 4.9 ಜೂಲ್ ಆಗುತ್ತದೆ. ವ್ಯತ್ಯಾಸ ಶೇಕಡಾ ಏಳರಷ್ಟು ಮಾತ್ರ. ಅದೇ ತೋಟಾವನ್ನು ತುಂಬಿದಾಗ 600 ಗ್ರಾಮಿಗೂ ಕಡಿಮೆ ತೂಗುವ, ಒಂದೇ ಸಾಲಿನ ಮ್ಯಾಗಝಿನ್ನುಳ್ಳ ಗ್ಲಾಕ್ 43ರಿಂದ ಹಾರಿಸಿದರೆ ಶಕ್ತಿ 7 ಜೂಲಿನಷ್ಟಾಗುತ್ತದೆ. ಪೂರ್ಣ ಗಾತ್ರದಿಂದ ಕಾಂಪ್ಯಾಕ್ಟಿಗೆ ಇಳಿಯುವುದು ಒಂದು ಮೆಟ್ಟಿಲು. ಕಾಂಪ್ಯಾಕ್ಟಿನಿಂದ ಅದಕ್ಕೂ ಕೆಳಗೆ ಇಳಿಯುವುದು ಹಲವು ಮೆಟ್ಟಿಲುಗಳನ್ನು ಒಮ್ಮೆಗೇ ಹಾರಿದಂತೆ.

ಒದೆತದಲ್ಲಿ ಹಿಂದಕ್ಕೆ ತಳ್ಳುವ ಬಲವಷ್ಟೇ ಅಲ್ಲದೆ ಮೂತಿಯನ್ನು ಮೇಲಕ್ಕೆತ್ತುವ ತಿರುಗುಬಲವೂ ಇದೆ. ನಳಿಗೆಯು ಕೈಯ ಹಿಡಿತಕ್ಕಿಂತ ಮೇಲಿರುವುದೇ ಇದಕ್ಕೆ ಕಾರಣ. ಉದ್ದನೆಯ ಸ್ಲೈಡ್ ಮತ್ತು ನಳಿಗೆಯ ತೂಕ ಮುಂಭಾಗದಲ್ಲಿರುವುದರಿಂದ ಮೂತಿ ಏಳುವುದಕ್ಕೆ ಅದು ತಡೆಯೊಡ್ಡುತ್ತದೆ. ಗಿಡ್ಡ ಸ್ಲೈಡ್ ಹಗುರವಾಗಿರುವ ಕಾರಣ ಅದನ್ನು ಹಿಡಿದು ನಿಲ್ಲಿಸಲು ಬಿರುಸಾದ ಸ್ಪ್ರಿಂಗ್ ಬೇಕಾಗುತ್ತದೆ. ಆದ್ದರಿಂದ ತೀರ ಚಿಕ್ಕ ಪಿಸ್ತೂಲುಗಳ ಸ್ಲೈಡನ್ನು ಕೈಯಿಂದ ಹಿಂದಕ್ಕೆಳೆಯುವುದು ದೊಡ್ಡ ಪಿಸ್ತೂಲಿಗಿಂತ ಕಷ್ಟ. ಬೆರಳುಗಳಲ್ಲಿ ಬಲ ಕಡಿಮೆಯಿರುವವರಿಗೆ 'ಚಿಕ್ಕದು ಸುಲಭ' ಎಂದು ಸಲಹೆ ನೀಡುವ ಅಂಗಡಿಕಾರರ ರೂಢಿ ಈ ಕಾರಣದಿಂದ ದಾರಿ ತಪ್ಪಿಸುವಂಥದು.

ಪಿಸ್ತೂಲಿನ ಯಂತ್ರ ಒಂದು ಸುತ್ತು ಮುಗಿಸಿ ಮುಂದಿನ ತೋಟಾವನ್ನು ನಳಿಗೆಗೆ ಸೇರಿಸಲು ಸೆಕೆಂಡಿನ ಹತ್ತನೆಯ ಒಂದು ಭಾಗವೂ ಬೇಕಾಗುವುದಿಲ್ಲ. ಸಮೀಪದ ಗುರಿಗೆ ನುರಿತವರು ಸೆಕೆಂಡಿನ ಐದನೆಯ ಒಂದು ಭಾಗಕ್ಕೊಮ್ಮೆ ಗುಂಡು ಹಾರಿಸುತ್ತಾರೆ. ಅಂದರೆ ವೇಗಕ್ಕೆ ಮಿತಿ ಹಾಕುವುದು ಯಂತ್ರವಲ್ಲ. ಮೇಲೆದ್ದ ಮೂತಿ ಮತ್ತೆ ಗುರಿಗೆ ಮರಳುವುದಕ್ಕೂ ಅದನ್ನು ಕಣ್ಣು ದೃಢಪಡಿಸಿಕೊಳ್ಳುವುದಕ್ಕೂ ಬೇಕಾದ ಕಾಲ. ಗಾತ್ರ ಪ್ರಭಾವ ಬೀರುವುದು ಇಲ್ಲಿಯೇ.

ಹಿಡಿ

ಅನುಭವಿ ತರಬೇತುದಾರರು ನಳಿಗೆಗಿಂತ ಹಿಡಿಗೆ ಹೆಚ್ಚು ಮಹತ್ವ ನೀಡುತ್ತಾರೆ. ಪೂರ್ಣ ಗಾತ್ರದ ಹಿಡಿಯಲ್ಲಿ ಬಲಗೈಯ ಮೂರು ಬೆರಳುಗಳಿಗೂ ಜಾಗವಿರುತ್ತದೆ, ಎಡ ಅಂಗೈ ಊರಲು ಬದಿಯಲ್ಲಿ ಖಾಲಿ ಸ್ಥಳವೂ ಉಳಿಯುತ್ತದೆ. ಗ್ಲಾಕ್ 19ರ ಹಿಡಿಯಲ್ಲಿ ಮಧ್ಯಮ ಗಾತ್ರದ ಕೈಗಳು ಹೊಂದಿಕೊಳ್ಳುತ್ತವೆ; ದೊಡ್ಡ ಕೈಯವರ ಕಿರುಬೆರಳು ಹಿಡಿಯ ಅಂಚಿಗೆ ಬರುತ್ತದೆ. ಗ್ಲಾಕ್ 26ರಂತಹ ಸಬ್‌ಕಾಂಪ್ಯಾಕ್ಟ್ ಪಿಸ್ತೂಲಿನಲ್ಲಿ ಕಿರುಬೆರಳು ಗಾಳಿಯಲ್ಲಿ ತೂಗಾಡುತ್ತದೆ. ಹಿಡಿತದ ಬಲದಲ್ಲಿ ಕಿರುಬೆರಳಿನ ಪಾಲು ಮೇಲ್ನೋಟಕ್ಕೆ ತೋರುವುದಕ್ಕಿಂತ ಹೆಚ್ಚು. ಅದು ತಪ್ಪಿದಾಗ ಪಿಸ್ತೂಲು ಪ್ರತಿ ಗುಂಡಿಗೂ ಕೈಯೊಳಗೆ ಸ್ವಲ್ಪ ಸರಿಯುತ್ತದೆ, ಹಿಡಿತವನ್ನು ಪದೇ ಪದೇ ಸರಿಪಡಿಸಿಕೊಳ್ಳಬೇಕಾಗುತ್ತದೆ. ಒಂದೇ ಗುಂಡನ್ನು ನಿಧಾನವಾಗಿ ಹಾರಿಸುವಾಗ ಈ ದೋಷ ತಿಳಿಯುವುದಿಲ್ಲ, ಆರು ಗುಂಡುಗಳ ಸರಣಿಯಲ್ಲಿ ಎದ್ದು ಕಾಣುತ್ತದೆ.

ಮ್ಯಾಗಝಿನ್ ಬದಲಿಸುವಾಗಲೂ ಗಿಡ್ಡ ಹಿಡಿ ತೊಡಕುಂಟುಮಾಡುತ್ತದೆ. ಅಂಗೈಯ ಕೆಳಭಾಗ ಹಿಡಿಯ ಅಂಚನ್ನು ಮುಚ್ಚಿರುವುದರಿಂದ ಕೆಳಬೀಳಬೇಕಾದ ಮ್ಯಾಗಝಿನ್ನಿಗೆ ಅದು ಅಡ್ಡ ಬರಬಹುದು. ಹೊಸದನ್ನು ಸೇರಿಸುವಾಗ ಚರ್ಮ ಸಿಕ್ಕಿಕೊಳ್ಳುವುದೂ ಉಂಟು.

ಗುರಿ

ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವಿನ ಅಂತರ ಹೆಚ್ಚಿದಷ್ಟೂ ಗುರಿಯ ತಪ್ಪು ಕಡಿಮೆಯಾಗುತ್ತದೆ. ಗ್ಲಾಕ್ 17ರಲ್ಲಿ ಈ ಅಂತರ 165 ಮಿ.ಮೀ., ಗ್ಲಾಕ್ 19ರಲ್ಲಿ ಸುಮಾರು 153 ಮಿ.ಮೀ. ಮುಂದಿನ ಸೈಟ್ ಒಂದು ಮಿಲಿಮೀಟರ್‌ನಷ್ಟು ಪಕ್ಕಕ್ಕೆ ಸರಿದಿದ್ದರೆ 10 ಮೀಟರ್ ದೂರದಲ್ಲಿ ಗುಂಡು ಮೊದಲನೆಯದರಲ್ಲಿ ಸುಮಾರು 61 ಮಿ.ಮೀ., ಎರಡನೆಯದರಲ್ಲಿ ಸುಮಾರು 65 ಮಿ.ಮೀ. ದಾರಿ ತಪ್ಪುತ್ತದೆ. ನಾಲ್ಕು ಮಿಲಿಮೀಟರುಗಳ ಈ ಹೆಚ್ಚುವರಿ ತಪ್ಪು ಮನುಷ್ಯನ ಕೈನಡುಕದ ಮುಂದೆ ಗಣನೀಯವಲ್ಲ. ಹೀಗಾಗಿ ಸೈಟುಗಳ ಅಂತರವನ್ನು ಮುಂದಿಟ್ಟು ಕಾಂಪ್ಯಾಕ್ಟ್ ಪಿಸ್ತೂಲು ಅನಿಖರವೆಂದು ವಾದಿಸುವುದರಲ್ಲಿ ಹುರುಳು ಕಡಿಮೆ. ಸ್ಲೈಡಿನ ಮೇಲೆ ಜೋಡಿಸುವ ಕೆಂಪು ಚುಕ್ಕೆಯ ಸೈಟುಗಳು ಬಂದ ಮೇಲೆ ಈ ವಾದ ಇನ್ನಷ್ಟು ಸಡಿಲವಾಗಿದೆ. ಅಲ್ಲಿ ಎರಡು ಸೈಟುಗಳನ್ನು ಒಂದೇ ರೇಖೆಗೆ ತರುವ ಕೆಲಸವೇ ಇಲ್ಲ. ಗಾಜಿನಲ್ಲಿ ಕಾಣುವ ಚುಕ್ಕೆಯನ್ನು ಗುರಿಯ ಮೇಲಿಟ್ಟರೆ ಸಾಕು. ಆದರೆ ಗಿಡ್ಡ ಪಿಸ್ತೂಲಿನ ಒದೆತದಲ್ಲಿ ಚುಕ್ಕೆ ಗಾಜಿನಿಂದಲೇ ಮರೆಯಾಗಿ ಮತ್ತೆ ಹುಡುಕಬೇಕಾಗುವ ಸಾಧ್ಯತೆ ಹೆಚ್ಚು.

ನಳಿಗೆ 12 ಮಿ.ಮೀ. ಗಿಡ್ಡವಾದರೆ ಗುಂಡಿನ ವೇಗದಲ್ಲಾಗುವ ಇಳಿಕೆ ಅತ್ಯಲ್ಪ. ಪಿಸ್ತೂಲು ಬಳಕೆಯಾಗುವ ದೂರಗಳಲ್ಲಿ ಅದರಿಂದ ಪ್ರಾಯೋಗಿಕ ವ್ಯತ್ಯಾಸವಿಲ್ಲ.

ಒಯ್ಯುವಿಕೆ

ಪಿಸ್ತೂಲನ್ನು ಮರೆಮಾಡಿ ಒಯ್ಯುವವರು ಸಾಮಾನ್ಯವಾಗಿ ಸೊಂಟಪಟ್ಟಿಯ ಒಳಭಾಗದಲ್ಲಿ, ಬಲಮಗ್ಗುಲಿನ ಹಿಂಬದಿಗೆ ಅಥವಾ ಹೊಟ್ಟೆಯ ಮುಂಭಾಗಕ್ಕೆ ಹೋಲ್‌ಸ್ಟರ್ ಇಟ್ಟುಕೊಳ್ಳುತ್ತಾರೆ. ಈ ಸ್ಥಿತಿಯಲ್ಲಿ ನಳಿಗೆ ಕೆಳಮುಖವಾಗಿ ಪ್ಯಾಂಟಿನೊಳಗೆ ಇಳಿದಿರುತ್ತದೆ. ಅದು ಎರಡು ಸೆಂಟಿಮೀಟರ್ ಉದ್ದವಾದರೂ ಹೊರಗಿನವರಿಗೆ ಕಾಣುವುದಿಲ್ಲ. ವಾಸ್ತವವಾಗಿ ಸ್ವಲ್ಪ ಉದ್ದದ ಸ್ಲೈಡ್ ಸೊಂಟದ ಕೆಳಗೆ ಊರಿಕೊಂಡು ಹಿಡಿಯನ್ನು ಮೈಗೆ ಒತ್ತಿ ಹಿಡಿಯಲು ನೆರವಾಗುತ್ತದೆ. ಆದರೆ ಹಿಡಿ ಸೊಂಟಪಟ್ಟಿಯ ಮೇಲೆ ಅಡ್ಡಲಾಗಿ ಹೊರಚಾಚಿರುತ್ತದೆ. ಬಗ್ಗಿದಾಗ, ಕೈ ಮೇಲೆತ್ತಿದಾಗ ಅಂಗಿಯ ಮೇಲೆ ಉಬ್ಬಿ ಕಾಣುವುದು ಹಿಡಿಯ ಕೆಳತುದಿಯೇ. ಹೀಗಾಗಿ ವೇಗಕ್ಕೆ ನೆರವಾಗುವ ಅದೇ ಸೆಂಟಿಮೀಟರ್ ಮರೆಮಾಚುವಿಕೆಗೆ ಶತ್ರುವಾಗುತ್ತದೆ. ಗಾತ್ರದ ಚರ್ಚೆಯ ತಿರುಳು ಇದು.

ಈ ತರ್ಕದಂತೆ ನಡೆದರೆ ಮರೆಮಾಡಿ ಒಯ್ಯಲು ಉದ್ದನೆಯ ಸ್ಲೈಡ್ ಮತ್ತು ಗಿಡ್ಡ ಹಿಡಿಯುಳ್ಳ ಪಿಸ್ತೂಲೇ ಉತ್ತಮವಾಗಬೇಕು. ಮಾರುಕಟ್ಟೆ ಬಹುಕಾಲ ಅದಕ್ಕೆ ವಿರುದ್ಧವಾಗಿ ನಡೆಯಿತು. 2018ರಲ್ಲಿ ಬಂದ ಗ್ಲಾಕ್ 19ಎಕ್ಸ್ ಮತ್ತು ಅದರ ಬೆನ್ನಿಗೇ ಬಂದ ಗ್ಲಾಕ್ 45ರಲ್ಲಿ ಗ್ಲಾಕ್ 17ರ ಎತ್ತರದ ಹಿಡಿಯ ಮೇಲೆ ಗ್ಲಾಕ್ 19ರ ಗಿಡ್ಡ ಸ್ಲೈಡನ್ನು ಕೂರಿಸಲಾಗಿದೆ. ಮರೆಮಾಚುವವರಿಗೆ ಇದು ತಲೆಕೆಳಗಾದ ಜೋಡಣೆಯೆನಿಸಿದರೂ, ಬಹಿರಂಗವಾಗಿ ಒಯ್ಯುವ ಪೊಲೀಸರಿಗೆ ಹಿಡಿ ಕಾಣುವ ಚಿಂತೆಯಿಲ್ಲ; ವಾಹನದಲ್ಲಿ ಗಂಟೆಗಟ್ಟಲೆ ಕುಳಿತಾಗ ಆಸನಕ್ಕೆ ತಾಗುವ ಮೂತಿ ಗಿಡ್ಡವಾದಷ್ಟೂ ಅವರಿಗೆ ಹಿತ.

ತೂಕವೂ ಹೀಗೆಯೇ. ಅರವತ್ತು ಗ್ರಾಂ ಹೆಚ್ಚು ಎಂಬುದು ತಕ್ಕಡಿಯಲ್ಲಿ ಏನೂ ಅಲ್ಲ. ಹತ್ತು ಹನ್ನೆರಡು ಗಂಟೆ ಒಂದೇ ಮಗ್ಗುಲಿಗೆ ತೂಗಿದಾಗ ಅದು ಸೊಂಟಕ್ಕೆ ತಿಳಿಯುತ್ತದೆ. ಸೆಕೆಯ ಪ್ರದೇಶಗಳಲ್ಲಿ ತೆಳು ಬಟ್ಟೆ ಧರಿಸುವವರಿಗೆ ದೊಡ್ಡ ಪಿಸ್ತೂಲನ್ನು ಮರೆಮಾಡುವುದೇ ಕಷ್ಟವಾದ್ದರಿಂದ ಅನೇಕರು ಅದನ್ನು ಮನೆಯಲ್ಲಿಯೇ ಬಿಟ್ಟುಹೋಗುತ್ತಾರೆ. ಬಿಟ್ಟುಹೋದ ಆಯುಧದಿಂದ ವೇಗದ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಬದಲಿಗೆ ಅದು ಮನೆಯ ಮಕ್ಕಳ ಕೈಗೆ ಸಿಗದಂತೆ, ಕಳವಾಗದಂತೆ ಬೀಗ ಹಾಕಿಡಬೇಕಾದ ಹೊಣೆ ಹೆಚ್ಚುತ್ತದೆ.

ಮರೆಮಾಡಿದ ಪಿಸ್ತೂಲನ್ನು ಹೊರತೆಗೆಯುವಾಗ ಮೊದಲು ಅಂಗಿಯನ್ನು ಸರಿಸಬೇಕು. ಬಹಿರಂಗ ಹೋಲ್‌ಸ್ಟರಿಗೆ ಹೋಲಿಸಿದರೆ ಇದರಿಂದ ಆಗುವ ವಿಳಂಬ ಪಿಸ್ತೂಲಿನ ಗಾತ್ರದಿಂದಾಗುವ ವ್ಯತ್ಯಾಸಕ್ಕಿಂತ ಸಾಮಾನ್ಯವಾಗಿ ದೊಡ್ಡದು. ಗಿಡ್ಡ ಹಿಡಿಯನ್ನು ಸೊಂಟದಿಂದ ಒಂದೇ ಸಲಕ್ಕೆ ಸರಿಯಾಗಿ ಹಿಡಿಯುವುದೂ ಕಠಿಣ, ಏಕೆಂದರೆ ಬೆರಳುಗಳು ಊರಬೇಕಾದ ಜಾಗವನ್ನು ಪಟ್ಟಿ ಮತ್ತು ಬಟ್ಟೆ ಆಕ್ರಮಿಸಿಕೊಂಡಿರುತ್ತವೆ. ಮರಳಿ ಹೋಲ್‌ಸ್ಟರಿಗೆ ಇಳಿಸುವಾಗ ಬಟ್ಟೆಯ ಅಂಚು ಟ್ರಿಗರಿಗೆ ಸಿಕ್ಕಿಕೊಂಡು ಗುಂಡು ಹಾರಿ ತೊಡೆಗೆ ಗಾಯವಾದ ಪ್ರಕರಣಗಳಿವೆ. ಆದ್ದರಿಂದ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಬಳಸುವುದು ಮತ್ತು ಅವಸರವಿಲ್ಲದೆ, ಕಣ್ಣಿನಿಂದ ನೋಡಿಕೊಂಡೇ ಮರಳಿ ಇಡುವುದು ಎಲ್ಲ ತರಬೇತಿಗಳಲ್ಲಿಯೂ ಕಡ್ಡಾಯ.

ಸೇನೆ ಮತ್ತು ಪೊಲೀಸ್ ಇಲಾಖೆಗಳ ಆಯ್ಕೆ

ಸಮವಸ್ತ್ರದ ಮೇಲೆ ಒಯ್ಯುವ ಸೇನೆಗಳು ದೀರ್ಘಕಾಲ ಪೂರ್ಣ ಗಾತ್ರವನ್ನೇ ಆರಿಸಿದವು. ಅಮೆರಿಕವು 1985ರಲ್ಲಿ ಸ್ವೀಕರಿಸಿದ ಬೆರೆಟ್ಟಾ ಎಂ9 ಪಿಸ್ತೂಲು 217 ಮಿ.ಮೀ. ಉದ್ದವಿತ್ತು, ವಿಮಾನ ಚಾಲಕರು ಹಾಗೂ ತನಿಖಾಧಿಕಾರಿಗಳಂಥವರಿಗೆ ಎಂ11 ಎಂಬ ಹೆಸರಿನಲ್ಲಿ ಸಿಗ್ ಸಾವರ್ ಪಿ228 ಪಿಸ್ತೂಲನ್ನು ಪ್ರತ್ಯೇಕವಾಗಿ ಕೊಳ್ಳಬೇಕಾಯಿತು. ಬ್ರಿಟಿಷ್ ಸೇನೆ 2013ರಲ್ಲಿಯೂ ಫ್ರಾನ್ಸಿನ ಸೇನೆ 2020ರಲ್ಲಿಯೂ ಗ್ಲಾಕ್ 17ನ್ನು ಆರಿಸಿಕೊಂಡವು.

2017ರಲ್ಲಿ ಅಮೆರಿಕದ ಸೇನೆ ಸಿಗ್ ಸಾವರ್ ಪಿ320 ವಿನ್ಯಾಸವನ್ನು ಎರಡು ಗಾತ್ರಗಳಲ್ಲಿ ಸ್ವೀಕರಿಸಿತು: 203 ಮಿ.ಮೀ. ಉದ್ದದ ಎಂ17 ಮತ್ತು 183 ಮಿ.ಮೀ. ಉದ್ದದ ಎಂ18. ಭೂಸೇನೆ ಮುಖ್ಯವಾಗಿ ಎಂ17ನ್ನು ಬಳಕೆಗೆ ತಂದರೆ, ವಾಯುಪಡೆ, ನೌಕಾಪಡೆ ಹಾಗೂ ಮರೀನ್ ಕೋರ್ ಗಿಡ್ಡ ಎಂ18ನ್ನು ಮೆಚ್ಚಿಕೊಂಡವು. ಎಂ18ರ ಸ್ಲೈಡ್ ಗಿಡ್ಡವಾಗಿದ್ದರೂ ಹಿಡಿಯಲ್ಲಿ 17 ತೋಟಾಗಳು ಹಿಡಿಯುತ್ತವೆ. ಅಂದರೆ ನಳಿಗೆಯನ್ನು ಬಿಟ್ಟುಕೊಟ್ಟು ಹಿಡಿಯನ್ನು ಉಳಿಸಿಕೊಳ್ಳುವ ಆಯ್ಕೆಯನ್ನು ಈ ಪಡೆಗಳೂ ಮಾಡಿದವು. ಅಮೆರಿಕದ ನೌಕಾಪಡೆಯ ಸೀಲ್ ಕಮಾಂಡೊಗಳು ಗ್ಲಾಕ್ 19ನ್ನು ಅಳವಡಿಸಿಕೊಂಡಿದ್ದಾರೆ.

ನ್ಯೂಯಾರ್ಕ್ ನಗರದ ಪೊಲೀಸ್ ಇಲಾಖೆ 1993ರಿಂದ ರಿವಾಲ್ವರುಗಳನ್ನು ಬಿಟ್ಟು 9 ಮಿ.ಮೀ. ಪಿಸ್ತೂಲುಗಳಿಗೆ ಬದಲಾದಾಗ ಅನುಮತಿ ಪಡೆದ ಮಾದರಿಗಳಲ್ಲಿ ಕಾಂಪ್ಯಾಕ್ಟ್ ವರ್ಗದ ಗ್ಲಾಕ್ 19 ಒಂದಾಗಿತ್ತು. ಅನುದ್ದೇಶಿತವಾಗಿ ಗುಂಡು ಹಾರುವುದನ್ನು ತಡೆಯಲು ಅದರ ಟ್ರಿಗರನ್ನು ಸುಮಾರು 12 ಪೌಂಡ್, ಅಂದರೆ ಐದೂವರೆ ಕಿಲೋಗ್ರಾಂ ಎಳೆತದಷ್ಟು ಬಿಗಿಗೊಳಿಸಲಾಗಿತ್ತು. 2012ರ ಆಗಸ್ಟ್ 24ರಂದು ಎಂಪೈರ್ ಸ್ಟೇಟ್ ಕಟ್ಟಡದ ಬಳಿ, ಆಗಷ್ಟೇ ಒಬ್ಬರನ್ನು ಕೊಂದಿದ್ದ ಸಶಸ್ತ್ರ ವ್ಯಕ್ತಿಯನ್ನು ಎದುರಿಸಿದ ಇಬ್ಬರು ಪೊಲೀಸರು ಕೆಲವೇ ಸೆಕೆಂಡುಗಳಲ್ಲಿ 16 ಗುಂಡುಗಳನ್ನು ಹಾರಿಸಿದರು. ಆ ವ್ಯಕ್ತಿ ಹತನಾದನು. ಜೊತೆಗೆ ಪೊಲೀಸರ ಗುಂಡು ಅಥವಾ ಅದರ ಚೂರುಗಳಿಂದ ಒಂಬತ್ತು ಮಂದಿ ದಾರಿಹೋಕರು ಗಾಯಗೊಂಡರು. ಘಟನೆಯ ನಂತರ ಬಿಗಿ ಟ್ರಿಗರ್ ನಿಖರತೆಗೆ ಅಡ್ಡಿಯಾಗುತ್ತದೆಯೇ ಎಂಬ ಚರ್ಚೆ ಜೋರಾಯಿತು. 2021ರಲ್ಲಿ ಇಲಾಖೆಯು ಹೊಸದಾಗಿ ಸೇರುವವರಿಗೆ ಹಗುರ ಟ್ರಿಗರಿನ ಪಿಸ್ತೂಲುಗಳನ್ನು ನೀಡುವತ್ತ ಹೊರಳಿತು. ವೇಗವೂ ನಿಖರತೆಯೂ ಗಾತ್ರವೊಂದನ್ನೇ ಅವಲಂಬಿಸಿಲ್ಲವೆಂಬುದಕ್ಕೆ ಈ ಪ್ರಕರಣವನ್ನು ಉದಾಹರಿಸಬಹುದು. ಟ್ರಿಗರಿನ ಗುಣ ಮತ್ತು ಅಭ್ಯಾಸದ ಪ್ರಮಾಣ ಕೆಲವೊಮ್ಮೆ ಒಂದೆರಡು ಸೆಂಟಿಮೀಟರುಗಳಿಗಿಂತ ಹೆಚ್ಚು ನಿರ್ಣಾಯಕ.

ಕ್ರೀಡೆಯಲ್ಲಿ

ಒಯ್ಯುವ ಅಗತ್ಯವಿಲ್ಲದೆಡೆ ಪಿಸ್ತೂಲುಗಳು ಎತ್ತ ಬೆಳೆಯುತ್ತವೆ ಎಂಬುದನ್ನು ಸ್ಪರ್ಧಾಕಣದಲ್ಲಿ ಕಾಣಬಹುದು. ಒಲಿಂಪಿಕ್ಸ್‌ನ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲು ಸ್ಪರ್ಧೆಯಲ್ಲಿ ಐದು ಗುರಿಗಳಿಗೆ ಕ್ರಮವಾಗಿ 8, 6 ಮತ್ತು 4 ಸೆಕೆಂಡುಗಳಲ್ಲಿ ಐದು ಗುಂಡುಗಳನ್ನು ಹಾರಿಸಬೇಕು. ಅಲ್ಲಿ ಬಳಸುವ .22 ಕ್ಯಾಲಿಬರಿನ ಪಿಸ್ತೂಲು 1,400 ಗ್ರಾಂವರೆಗೆ ತೂಗಬಹುದು. ತೀರ ಮೃದುವಾದ ತೋಟಾಕ್ಕೆ ಅಷ್ಟು ಭಾರದ ಆಯುಧವನ್ನು ಬಳಸುವುದರಿಂದ ಒದೆತ ಬಹುತೇಕ ಇಲ್ಲವಾಗುತ್ತದೆ. ಈ ಸ್ಪರ್ಧೆಯಲ್ಲಿ ಭಾರತದ ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಗೆದ್ದರು.

1976ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಪ್ರಾಯೋಗಿಕ ಶೂಟಿಂಗ್ ಒಕ್ಕೂಟದ ಪಂದ್ಯಗಳಲ್ಲಿ ಗಳಿಸಿದ ಅಂಕಗಳನ್ನು ತೆಗೆದುಕೊಂಡ ಕಾಲದಿಂದ ಭಾಗಿಸಿ ಫಲಿತಾಂಶ ನಿರ್ಧರಿಸುತ್ತಾರೆ. ಇಲ್ಲಿ ಪೂರ್ಣ ಗಾತ್ರಕ್ಕಿಂತಲೂ ಉದ್ದವಾದ ಮಾದರಿಗಳು ಸಾಮಾನ್ಯ, 135 ಮಿ.ಮೀ. ನಳಿಗೆಯ ಗ್ಲಾಕ್ 34 ಇಂತಹ ಪಂದ್ಯಗಳಿಗೆಂದೇ ಬಂದ ಪಿಸ್ತೂಲು. ಅಮೆರಿಕದ ಪಂದ್ಯಗಳಲ್ಲಿ 'ಕ್ಯಾರಿ ಆಪ್ಟಿಕ್ಸ್' ಎಂಬ ವಿಭಾಗವಿದೆ. ಹೆಸರಿನಲ್ಲಿ ಒಯ್ಯುವಿಕೆಯಿದ್ದರೂ ಅಲ್ಲಿ ಒಂದೂವರೆ ಕಿಲೋಗ್ರಾಮಿಗೂ ಹೆಚ್ಚು ತೂಕದ ಪಿಸ್ತೂಲಿಗೆ ಅವಕಾಶವಿದೆ. ಅದನ್ನು ಯಾರೂ ಅಂಗಿಯ ಅಡಿಯಲ್ಲಿ ಒಯ್ಯಲಾರರು. 1996ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ರಕ್ಷಣಾತ್ಮಕ ಪಿಸ್ತೂಲು ಸಂಘ ಮಾತ್ರ ಕಾಂಪ್ಯಾಕ್ಟ್ ಪಿಸ್ತೂಲುಗಳಿಗೆ ಪ್ರತ್ಯೇಕ ವಿಭಾಗವನ್ನು ಇಟ್ಟು, ಮ್ಯಾಗಝಿನ್ನಿನಲ್ಲಿ ಎಂಟು ತೋಟಾಗಳಿಗೆ ಮಿತಿ ಹಾಕಿದೆ.

ಭಾರತದಲ್ಲಿ

ಭಾರತದಲ್ಲಿ ಬಂದೂಕುಗಳ ಒಡೆತನವನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಹಾಗೂ 2016ರ ಶಸ್ತ್ರಾಸ್ತ್ರ ನಿಯಮಗಳು ನಿಯಂತ್ರಿಸುತ್ತವೆ. 9 ಮಿ.ಮೀ. ಪ್ಯಾರಾಬೆಲಮ್ ನಿಷೇಧಿತ ಬೋರ್ ಆಗಿರುವುದರಿಂದ ಮೇಲೆ ಹೋಲಿಸಿದ ಪಿಸ್ತೂಲುಗಳು ಸಾಮಾನ್ಯ ನಾಗರಿಕರಿಗೆ ದೊರೆಯುವುದಿಲ್ಲ. ಸೇನೆ ಮತ್ತು ಪೊಲೀಸರಲ್ಲಿ ವ್ಯಾಪಕವಾಗಿರುವ 'ಪಿಸ್ತೂಲ್ ಆಟೊ 9 ಮಿ.ಮೀ. 1ಎ' ಎಂಬುದು ಬ್ರೌನಿಂಗ್ ಹೈ-ಪವರ್ ವಿನ್ಯಾಸವನ್ನು ಆಧರಿಸಿ ಪಶ್ಚಿಮ ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುವ, 13 ತೋಟಾಗಳ ಪೂರ್ಣ ಗಾತ್ರದ ಪಿಸ್ತೂಲು. ರಾಷ್ಟ್ರೀಯ ಭದ್ರತಾ ಪಡೆ ಗ್ಲಾಕ್ ಪಿಸ್ತೂಲುಗಳನ್ನೂ ಬಳಸುತ್ತದೆ.

ಪರವಾನಗಿ ಪಡೆದ ನಾಗರಿಕರು ಸಾಮಾನ್ಯವಾಗಿ .32 ಕ್ಯಾಲಿಬರಿನ ಪಿಸ್ತೂಲು ಅಥವಾ ರಿವಾಲ್ವರನ್ನು ಹೊಂದಿರುತ್ತಾರೆ. ಸರ್ಕಾರಿ ಆಯುಧ ಕಾರ್ಖಾನೆಗಳ 'ಅಶನಿ' ಪಿಸ್ತೂಲು ಇದಕ್ಕೆ ಉದಾಹರಣೆ. 2014ರಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರನ್ನು ಗಮನದಲ್ಲಿಟ್ಟು 'ನಿರ್ಭೀಕ್' ಎಂಬ ಸುಮಾರು 500 ಗ್ರಾಂ ತೂಕದ ರಿವಾಲ್ವರನ್ನು ಬಿಡುಗಡೆ ಮಾಡಿದಾಗ ಅದರ ಹಗುರತನವನ್ನೇ ಪ್ರಧಾನ ಗುಣವೆಂದು ಪ್ರಚಾರ ಮಾಡಲಾಯಿತು. ಒಂದು ಲಕ್ಷ ರೂಪಾಯಿಗೂ ಮೀರಿದ ಬೆಲೆ, ಪರವಾನಗಿಯ ಕಷ್ಟ ಹಾಗೂ ಆಯುಧದಿಂದ ಸುರಕ್ಷತೆ ಹೆಚ್ಚುತ್ತದೆಯೇ ಎಂಬ ಸಂದೇಹಗಳಿಂದಾಗಿ ಅದು ಟೀಕೆಗೂ ಒಳಗಾಯಿತು. 2019ರ ತಿದ್ದುಪಡಿಯ ಪ್ರಕಾರ ಒಬ್ಬ ಪರವಾನಗಿದಾರ ಸಾಮಾನ್ಯವಾಗಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಲಾಗಿದೆ.